ಗುತ್ತಿಗೆ ಪತ್ರದ ಮೇಲೆ ಎದ್ದ ನಗರ

ಐರ್ಲೆಂಡಿನ ರಾಜಧಾನಿ ಡಬ್ಲಿನ್‌ನ ಉತ್ತರ ಭಾಗದಲ್ಲಿ ಮೌಂಟ್‌ಜಾಯ್ ಚೌಕವಿದೆ. ನಡುವೆ ಉದ್ಯಾನ, ಸುತ್ತಲೂ ಇಟ್ಟಿಗೆಯ ಎತ್ತರದ ಮನೆಗಳ ಸಾಲು. ಪ್ರತಿ ಬದಿಯ ಉದ್ದ ಸುಮಾರು 140 ಮೀಟರ್. ಆ ಕಾಲದ ಡಬ್ಲಿನ್ ಚೌಕಗಳಲ್ಲಿ ನಾಲ್ಕೂ ಬದಿ ಸಮನಾಗಿರುವುದು ಇದೊಂದೇ. ಇದನ್ನು ಯೋಜಿಸಿದವನು ಲ್ಯೂಕ್ ಗಾರ್ಡಿನರ್ (1745–1798). ಮುಂದೆ ಈತನೇ ವೈಕೌಂಟ್ ಮೌಂಟ್‌ಜಾಯ್ ಎನಿಸಿದ.

ಇದೇ ಹೆಸರಿನ ಇವನ ಅಜ್ಜ ಸಾಹುಕಾರ, ಸಂಸತ್ ಸದಸ್ಯ. ಲಿಫಿ ನದಿಯ ಉತ್ತರಕ್ಕೆ ವಿಶಾಲ ಜಮೀನು ಕೊಂಡು, 1720ರ ದಶಕದಿಂದ ಹೆನ್ರಿಯೆಟ್ಟಾ ಬೀದಿಯನ್ನು ಬೆಳೆಸಿದವನು. 1769ರಲ್ಲಿ ಆ ಆಸ್ತಿ ಮೊಮ್ಮಗನ ಕೈಗೆ ಬಂತು.

ಚೌಕದ ಮನೆಗಳನ್ನೆಲ್ಲ ಗಾರ್ಡಿನರ್ ತಾನೇ ಕಟ್ಟಿಸಲಿಲ್ಲ. ಬೀದಿಗಳನ್ನು ಗುರುತಿಸಿ, ನೆಲವನ್ನು ನಿವೇಶನಗಳಾಗಿ ವಿಂಗಡಿಸಿ, ದೀರ್ಘಾವಧಿ ಗುತ್ತಿಗೆಗೆ ಕೊಡುತ್ತಿದ್ದ. ಪಡೆದವರು ತಮ್ಮ ಹಣದಲ್ಲಿ, ಇಲ್ಲವೇ ಸಾಲ ಮಾಡಿ, ಮನೆ ಕಟ್ಟಬೇಕು. ಗಾರೆಯ ಅಲಂಕಾರಕ್ಕೆ ಹೆಸರಾದ ಮೈಕೇಲ್ ಸ್ಟೇಪಲ್ಟನ್ ಇಲ್ಲಿ ಹಾಗೆ ಕಟ್ಟಿದವರಲ್ಲಿ ಒಬ್ಬ. ಜಮೀನ್ದಾರನಿಗೆ ವರ್ಷವರ್ಷವೂ ನೆಲಬಾಡಿಗೆ ಸಲ್ಲುತ್ತಿತ್ತು. ನಷ್ಟದ ಭಯ ಹೆಚ್ಚಾಗಿ ಕಟ್ಟುವವನದು.

ಆದರೆ ಈ ಗುತ್ತಿಗೆ ಎಲ್ಲರಿಗೂ ಸಿಗುತ್ತಿತ್ತೇ? ಇಲ್ಲ. ಐರ್ಲೆಂಡಿನ ಬಹುಸಂಖ್ಯಾತರು ಕ್ಯಾಥೊಲಿಕರು, ಆಳುವವರು ಪ್ರಾಟೆಸ್ಟೆಂಟರು. 1704ರ ಕಾನೂನಿನಂತೆ ಕ್ಯಾಥೊಲಿಕನು ಜಮೀನು ಕೊಳ್ಳುವಂತಿರಲಿಲ್ಲ, 31 ವರ್ಷಕ್ಕಿಂತ ಹೆಚ್ಚಿನ ಗುತ್ತಿಗೆ ಪಡೆಯುವಂತಿರಲಿಲ್ಲ. ತಂದೆ ತೀರಿದರೆ ಜಮೀನು ಗಂಡುಮಕ್ಕಳಲ್ಲಿ ಚೂರುಚೂರಾಗಬೇಕು. ಹಿರಿಯ ಮಗ ಮತ ಬದಲಿಸಿದರೆ ಮಾತ್ರ ಇಡಿಯಾಗಿ ಅವನಿಗೆ.

ಈ ಗೋಡೆಗೆ ದೊಡ್ಡ ಬಿರುಕು ತಂದವನು ಗಾರ್ಡಿನರ್. 1773ರಿಂದ ಡಬ್ಲಿನ್ ಕೌಂಟಿಯ ಪ್ರತಿನಿಧಿಯಾಗಿದ್ದ ಆತ 1778ರಲ್ಲಿ ಮಂಡಿಸಿದ ಮಸೂದೆ ಅಂಗೀಕಾರವಾಯಿತು. ರಾಜನಿಷ್ಠೆಯ ಪ್ರಮಾಣ ಮಾಡಿದ ಕ್ಯಾಥೊಲಿಕರಿಗೆ 999 ವರ್ಷಗಳವರೆಗಿನ ಗುತ್ತಿಗೆ ದೊರೆಯಿತು. ಉತ್ತರಾಧಿಕಾರದ ತಾರತಮ್ಯವೂ ತೊಲಗಿತು. 1782ರಲ್ಲಿ ಜಮೀನು ಕೊಳ್ಳುವ ಹಕ್ಕೂ ಬಂತು. ಗುತ್ತಿಗೆಯಿಂದಲೇ ಬದುಕಿದ ಜಮೀನ್ದಾರ ಗುತ್ತಿಗೆಯ ಬಾಗಿಲನ್ನು ಅಗಲಿಸಿದ. ಇದರಲ್ಲಿ ನ್ಯಾಯಬುದ್ಧಿ ಎಷ್ಟು, ಸ್ವಹಿತ ಎಷ್ಟು ಎಂದು ತೂಗುವುದು ಕಷ್ಟ. ಉದಾರತೆಗೆ ಎಲ್ಲೆಯಿತ್ತು ಎಂಬುದಂತೂ ಸ್ಪಷ್ಟ: ಕ್ಯಾಥೊಲಿಕರಿಗೆ ನೆಲ ಸಿಕ್ಕಿತು, ಅಧಿಕಾರ ಸಿಗಲಿಲ್ಲ. ಸಂಸತ್ತಿನಲ್ಲಿ ಕೂರುವ ಹಕ್ಕಿಗೆ ಅವರು 1829ರವರೆಗೆ ಕಾಯಬೇಕಾಯಿತು.

ಈ ಅಸಮಾಧಾನವೂ ಫ್ರಾನ್ಸಿನ ಕ್ರಾಂತಿಯ ಗಾಳಿಯೂ ಸೇರಿ 1798ರಲ್ಲಿ ಬಂಡಾಯವೆದ್ದಿತು. ಜೂನ್ 5ರಂದು ವೆಕ್ಸ್‌ಫರ್ಡ್ ಕೌಂಟಿಯ ನ್ಯೂ ರಾಸ್ ಪಟ್ಟಣದ ಮೇಲೆ ಸಾವಿರಾರು ಬಂಡಾಯಗಾರರು ಮುಗಿಬಿದ್ದರು. ಇದನ್ನು ಬರಿಯ ಮತಗಳ ಜಗಳವೆಂದು ತಿಳಿಯಬಾರದು. ಬಂಡಾಯಗಾರರ ನಾಯಕ ಬ್ಯಾಗ್ನಲ್ ಹಾರ್ವಿ ಪ್ರಾಟೆಸ್ಟೆಂಟ್ ಜಮೀನ್ದಾರ. ಸರ್ಕಾರಿ ಮಿಲಿಷಿಯಾದ ಸಿಪಾಯಿಗಳಲ್ಲಿ ಹೆಚ್ಚಿನವರು ಕ್ಯಾಥೊಲಿಕರು. ಡಬ್ಲಿನ್ ಕೌಂಟಿಯ ಮಿಲಿಷಿಯಾಕ್ಕೆ ಕರ್ನಲ್ ಆಗಿದ್ದ ಗಾರ್ಡಿನರ್ ಪಟ್ಟಣದ ಹೆಬ್ಬಾಗಿಲ ಬಳಿ ಹತನಾದ. ಆತನ ಚೌಕವಿನ್ನೂ ಅರ್ಧವಾಗಿತ್ತು. ಪೂರ್ಣಗೊಂಡದ್ದು 1818ರ ಹೊತ್ತಿಗೆ.

ಅದೇ ತಿಂಗಳು ರಾಜಪ್ರತಿನಿಧಿಯಾಗಿ ಬಂದವನು ನಮಗೆ ಪರಿಚಿತ: 1792ರಲ್ಲಿ ಶ್ರೀರಂಗಪಟ್ಟಣವನ್ನು ಮುತ್ತಿ, ಟಿಪ್ಪುವಿನ ಇಬ್ಬರು ಮಕ್ಕಳನ್ನು ಒತ್ತೆಯಾಗಿ ಪಡೆದ ಕಾರ್ನ್‌ವಾಲಿಸ್. ಆತನ ಆಡಳಿತದಲ್ಲೇ ಐರಿಷ್ ಸಂಸತ್ತು ರದ್ದಾಗಿ, 1801ರ ಜನವರಿ 1ರಿಂದ ಐರ್ಲೆಂಡ್ ಬ್ರಿಟನ್ನಿನೊಡನೆ ಒಂದಾಯಿತು.

ಸಂಸತ್ತೇ ಇಲ್ಲದ ಊರಿನಲ್ಲಿ ಶ್ರೀಮಂತರಿಗೆ ಕೆಲಸವೇನು? ಅವರು ಒಬ್ಬೊಬ್ಬರಾಗಿ ಲಂಡನ್ನಿನತ್ತ ನಡೆದರು. ಗಾರ್ಡಿನರನ ಮಗ ದುಂದುಗಾರ. 1840ರ ದಶಕದಲ್ಲಿ ಆಸ್ತಿ ಹರಾಜಾಯಿತು. ಅರಮನೆಯಂಥ ಮನೆಗಳು ಕೋಣೆಗೊಂದು ಸಂಸಾರದ ವಠಾರಗಳಾದವು. ಅಜ್ಜ ಕಟ್ಟಿಸಿದ ಹೆನ್ರಿಯೆಟ್ಟಾ ಬೀದಿಯ 14ನೇ ಮನೆಯಲ್ಲಿ 1911ರ ಜನಗಣತಿಯಂತೆ 100 ಜನರಿದ್ದರು. 2018ರಲ್ಲಿ ಅದು ವಸ್ತುಸಂಗ್ರಹಾಲಯವಾಯಿತು. ಅಲ್ಲಿ ಸರದಾರರ ಬದುಕಿನ ಜೊತೆಗೆ ವಠಾರದ ಬಡವರ ಬದುಕನ್ನೂ ತೋರಿಸುತ್ತಾರೆ.

ನಗರವೊಂದರ ಇತಿಹಾಸವನ್ನು ಓದುವಾಗ ಕಟ್ಟಿಸಿದವರ ಹೆಸರಷ್ಟೇ ಸಾಲದು. ನೆಲ ಯಾರದು, ಬಾಡಿಗೆ ಯಾರಿಗೆ, ಹೊರಗುಳಿದವರು ಯಾರು ಎಂದೂ ಕೇಳಬೇಕು.