ಎಲುಬು ಬೆಳೆದು ನರ ಹಿಸುಕಿದಾಗ: ಯಾದಗಿರಿ ನೀರಿನ ಒಂದು ಆಪರೇಷನ್ ಕಥೆ

ಇಯರ್‌ಫೋನ್ ಹಾಕ್ಕೊಂಡು ಬಸ್ಸಲ್ಲಿ ಕೂತಿದ್ದೀರೋ, ಹೊಲದಲ್ಲಿದ್ದೀರೋ, ಬೆಂಗಳೂರಿನ ಪಿಜಿಯಲ್ಲಿದ್ದೀರೋ, ಎಲ್ಲೇ ಇರಿ, ಮೂರು ಸಣ್ಣ ಕೆಲಸ ಮಾಡಿ. ಗಾಡಿ ಓಡಿಸ್ತಾ ಇದ್ರೆ ಮಾತ್ರ ಬೇಡ. ಒಂದು, ಗದ್ದ ಎದೆಗೆ ತಾಗೋ ಹಾಗೆ ಕತ್ತು ಬಗ್ಗಿಸಿ. ಎರಡು, ಎರಡೂ ಕೈಗಳನ್ನು ತಲೆಯ ಹಿಂದಕ್ಕೆ ಒಯ್ದು ಜೋಡಿಸಿ. ಮೂರು, ಮೊಣಕಾಲು ಮಡಚದೆ ಬಗ್ಗಿ ಕಾಲಿನ ಹೆಬ್ಬೆರಳು ಮುಟ್ಟಿ.

ಇದು ಯೋಗ ಕ್ಲಾಸ್ ಅಲ್ಲ. ಕುಡಿಯುವ ನೀರಲ್ಲಿ ಫ್ಲೋರೈಡ್ ಜಾಸ್ತಿ ಇರುವ ಹಳ್ಳಿಗಳಿಗೆ ಆರೋಗ್ಯ ಸಿಬ್ಬಂದಿ ಹೋದಾಗ ಮಾಡಿಸೋ ಪರೀಕ್ಷೆ ಇದು. ಎಕ್ಸ್‌ರೇ ಬೇಡ, ಲ್ಯಾಬ್ ಬೇಡ. ಕತ್ತು, ಭುಜ, ಟೊಂಕ ಬಿಗಿದುಕೊಂಡಿದ್ದರೆ ಅಲ್ಲೇ ಗೊತ್ತಾಗುತ್ತೆ.

ನಾನು ಬಿ.ಕಾಂ. ಓದಿದವನು, ಡಾಕ್ಟರ್ ಅಲ್ಲ. ಆದ್ರೆ ಇವತ್ತಿನ ಕಥೆ ಬರೀ ಡಾಕ್ಟರುಗಳದ್ದಲ್ಲ. ನಮ್ಮ ಯಾದಗಿರಿ, ಶಹಾಪುರ, ಸುರಪುರದ ಕಲ್ಲಿನದ್ದು, ನೀರಿನದ್ದು, ಮತ್ತೆ ಸ್ವಲ್ಪ ಲೆಕ್ಕದ್ದು. ಸಾಮಾನ್ಯವಾಗಿ ಎಲುಬಿನ ತೊಂದರೆ ಅಂದ್ರೆ ಎಲುಬು ಮುರಿಯೋದು, ಸವೆಯೋದು. ಇಲ್ಲಿ ಉಲ್ಟಾ. ಎಲುಬು ಬೇಕಾದ್ದಕ್ಕಿಂತ ಹೆಚ್ಚು ಬೆಳೆಯುತ್ತೆ, ಬೆಳೆದು ಪಕ್ಕದ ನರವನ್ನೇ ಹಿಸುಕುತ್ತೆ. ಅದನ್ನು ಬಿಡಿಸೋಕೆ ಸರ್ಜನ್‌ಗಳು ಏನು ಮಾಡಿದರು, ಎಲ್ಲಿ ಗೆದ್ದರು, ಎಲ್ಲಿ ಕೈಚೆಲ್ಲಿದರು ಅನ್ನೋದೇ ಇವತ್ತಿನ ಎಪಿಸೋಡ್.

ಕಲ್ಲಿನಿಂದ ಕೊಡಕ್ಕೆ

2009ರ ಡಿಸೆಂಬರ್ 30ರಂದು ಗುಲ್ಬರ್ಗಾದಿಂದ ಬೇರೆಯಾಗಿ ಯಾದಗಿರಿ ಜಿಲ್ಲೆ ಆಯ್ತು. ಆಗ ಇದ್ದದ್ದು ಮೂರೇ ತಾಲ್ಲೂಕು: ಯಾದಗಿರಿ, ಶಹಾಪುರ, ಸುರಪುರ. ಮೂರೂ ಊರಲ್ಲಿ ಮೊದಲು ಕಣ್ಣಿಗೆ ಬೀಳೋದು ಗುಡ್ಡ. ಯಾದಗಿರಿಯ ಕೋಟೆ ಗುಡ್ಡ, ಸುರಪುರದ ಸುತ್ತ ಗುಡ್ಡ, ಶಹಾಪುರದಲ್ಲಿ ಎಲ್ಲರೂ ರೀಲ್ಸ್ ಮಾಡೋ ಬುದ್ಧ ಮಲಗಿದ ಬೆಟ್ಟ. ಎಲ್ಲವೂ ಗ್ರಾನೈಟ್, ಸುಮಾರು 250 ಕೋಟಿ ವರ್ಷ ಹಳೆಯ ಕಲ್ಲು.

ಈ ಕಲ್ಲಿನ ಕೆಲವು ಖನಿಜಗಳಲ್ಲಿ ಫ್ಲೋರೈಡ್ ಇರುತ್ತೆ. ಮಳೆ ಕಡಿಮೆ, ಬಿಸಿಲು ಜಾಸ್ತಿ. ನೆಲದಡಿಯ ನೀರು ಕಲ್ಲಿನ ಬಿರುಕಲ್ಲಿ ವರ್ಷಗಟ್ಟಲೆ ನಿಂತು ಅದನ್ನು ನಿಧಾನವಾಗಿ ಕರಗಿಸಿಕೊಳ್ಳುತ್ತೆ. ನಮ್ಮ ದೇಶದ ಮಾನದಂಡದ ಪ್ರಕಾರ ಒಂದು ಲೀಟರ್ ಕುಡಿಯೋ ನೀರಲ್ಲಿ ಫ್ಲೋರೈಡ್ 1 ಮಿಲಿಗ್ರಾಂ ಒಳಗಿರಬೇಕು. ಬೇರೆ ನೀರೇ ಇಲ್ಲ ಅಂದ್ರೆ ಹೆಚ್ಚೆಂದರೆ 1.5. ನಮ್ಮ ಜಿಲ್ಲೆಯ ಹಲವು ಕಡೆ ಬೋರ್ ನೀರು ಈ ಗೆರೆ ದಾಟಿದೆ. ಸವಳು ನೀರನ್ನು ನಾಲಗೆ ಹಿಡಿಯುತ್ತೆ. ಫ್ಲೋರೈಡ್‌ಗೆ ಬಣ್ಣ ಇಲ್ಲ, ವಾಸನೆ ಇಲ್ಲ, ರುಚಿಯಲ್ಲೂ ಗೊತ್ತಾಗಲ್ಲ.

ಈಗ ಸಣ್ಣ ಲೆಕ್ಕ. ಉದಾಹರಣೆಗೆ ಲೀಟರ್‌ಗೆ 4 ಮಿಲಿಗ್ರಾಂ ಇರುವ ನೀರು ಅಂತ ಇಟ್ಕೊಳ್ಳಿ. ಮೇ ತಿಂಗಳ ಬಿಸಿಲಲ್ಲಿ ಕೂಲಿ ಮಾಡುವವರು ದಿನಕ್ಕೆ 4 ಲೀಟರ್ ಕುಡಿದರೆ 16 ಮಿಲಿಗ್ರಾಂ ಒಳಗೆ ಹೋಯ್ತು. ದಿನಕ್ಕೆ 10 ಮಿಲಿಗ್ರಾಂನಂತೆ 10 ವರ್ಷ ದಾಟಿದರೆ ಎಲುಬಿಗೆ ಅಪಾಯ ಅಂತ ತಜ್ಞರು ಹೇಳ್ತಾರೆ. ಮೈ ಹೀರಿಕೊಂಡ ಫ್ಲೋರೈಡ್‌ನಲ್ಲಿ ದೊಡ್ಡವರಲ್ಲಿ ಸುಮಾರು ಅರ್ಧ ಮೂತ್ರದಲ್ಲಿ ಹೋಗುತ್ತೆ, ಉಳಿದರ್ಧ ಎಲುಬಲ್ಲಿ ಜಮಾ. ಬೆಳೆಯೋ ಮಕ್ಕಳಲ್ಲಿ ಜಮಾ ಇನ್ನೂ ಜಾಸ್ತಿ. ದಿನಾ ಕಟ್ಟೋ ಪಿಗ್ಮಿ ಇದ್ದ ಹಾಗೆ. ಆದ್ರೆ ವಾಪಸ್ ತೆಗೆಯೋದು ಬಹಳ ನಿಧಾನ.

ರೋಗಕ್ಕೆ ಹೆಸರು ಸಿಕ್ಕಿತು, ಸರ್ಜನ್ ಸಿಗಲಿಲ್ಲ

ಮೊದಲ ಸುಳಿವು ಸಿಕ್ಕಿದ್ದು ಹಲ್ಲಿನಲ್ಲಿ. 1901ರಲ್ಲಿ ಅಮೆರಿಕದ ಕೊಲರಾಡೊದಲ್ಲಿ ಫ್ರೆಡರಿಕ್ ಮೆಕೇ ಅನ್ನೋ ದಂತವೈದ್ಯ ಊರಿನ ಜನರ ಹಲ್ಲಿನ ಮೇಲೆ ಕಂದು ಕಲೆ ನೋಡಿದ. ಕಾರಣ ನೀರಿನ ಫ್ಲೋರೈಡ್ ಅಂತ ಗೊತ್ತಾಗೋಕೆ 1931 ಬರಬೇಕಾಯ್ತು. ಮರುವರ್ಷ, 1932ರಲ್ಲಿ, ಡೆನ್ಮಾರ್ಕ್‌ನ ಕೋಪನ್‌ಹೇಗನ್‌ನಲ್ಲಿ ಕ್ರಯೋಲೈಟ್ ಅನ್ನೋ ಖನಿಜದ ಧೂಳಲ್ಲಿ ಕೆಲಸ ಮಾಡ್ತಿದ್ದ ಕಾರ್ಮಿಕರ ಎಕ್ಸ್‌ರೇಯಲ್ಲಿ ಎಲುಬು ದಪ್ಪಗಾಗಿ ಬೆಳ್ಳಗೆ ಕಂಡಿತು. ಹಲ್ಲಷ್ಟೇ ಅಲ್ಲ, ಎಲುಬೂ ಕೆಡುತ್ತೆ ಅಂತ ಆಗ ಗೊತ್ತಾಯ್ತು.

ನಮ್ಮ ದೇಶದಲ್ಲಿ 1937ರಲ್ಲಿ ಶಾರ್ಟ್, ಪಂಡಿತ್ ಮತ್ತು ರಾಘವಾಚಾರಿ ಎಂಬ ಮೂವರು ಆಗಿನ ಮದ್ರಾಸ್ ಪ್ರಾಂತ್ಯದ ನೆಲ್ಲೂರು ಜಿಲ್ಲೆಯಲ್ಲಿ ಈ ರೋಗವನ್ನು ಗುರುತಿಸಿ ಬರೆದರು. ಕೋಲಿನ ಹಾಗೆ ನೆಟ್ಟಗಾದ ಬೆನ್ನು, ತಿರುಗದ ಕತ್ತು, ಕೆಲವರಿಗೆ ಕಾಲಿನ ಬಲವೇ ಇಲ್ಲ. ಇಲ್ಲಿ ಒಂದು ವಿಷಯ ಗಮನಿಸಿ. ಭಾರತದ ಮೊದಲ ನರಶಸ್ತ್ರಚಿಕಿತ್ಸೆ ವಿಭಾಗ ವೆಲ್ಲೂರಿನ ಸಿಎಂಸಿಯಲ್ಲಿ ಡಾ. ಜೇಕಬ್ ಚಾಂಡಿ ಅವರಿಂದ ಶುರುವಾಗಿದ್ದು 1949ರಲ್ಲಿ. ಅಂದ್ರೆ ರೋಗಕ್ಕೆ ಹೆಸರು ಸಿಕ್ಕು 12 ವರ್ಷ, ಹಿಸುಕಿದ ನರ ಬಿಡಿಸೋಕೆ ಅಂತಲೇ ಇರುವ ವಿಭಾಗ ಇಡೀ ದೇಶದಲ್ಲಿ ಒಂದೂ ಇರಲಿಲ್ಲ.

1955ರಲ್ಲಿ ಬ್ರಿಟಿಷ್ ಮೆಡಿಕಲ್ ಜರ್ನಲ್‌ನಲ್ಲಿ ನಲ್ಗೊಂಡ ಜಿಲ್ಲೆಯ ಫ್ಲೋರೋಸಿಸ್ ಬಗ್ಗೆ ಸಿದ್ದಿಕಿ ಅನ್ನುವವರ ಲೇಖನ ಬಂತು. ನಲ್ಗೊಂಡ ಈಗ ತೆಲಂಗಾಣ. ಆದ್ರೆ ಆಗ, 1956ರ ರಾಜ್ಯ ಮರುವಿಂಗಡಣೆ ತನಕ, ನಲ್ಗೊಂಡ ಮತ್ತು ನಮ್ಮ ಗುಲ್ಬರ್ಗಾ ಎರಡೂ ಒಂದೇ ಹೈದರಾಬಾದ್ ರಾಜ್ಯದಲ್ಲಿದ್ದವು. ಭಾಷೆ ಬೇರೆ, ಕಲ್ಲು, ಬಿಸಿಲು, ಜೋಳದ ಊಟ ಹೆಚ್ಚುಕಡಿಮೆ ಒಂದೇ. ಹಾಗಾಗಿ ನಲ್ಗೊಂಡದಲ್ಲಿ ಕಲಿತ ಪಾಠ ನಮಗೂ ಸಲ್ಲುತ್ತೆ.

ಬೋರಿಂಗ್ ಕೊಟ್ಟಿದ್ದು, ಕಸಿದಿದ್ದು

ಹಳೇ ಕಾಲದಲ್ಲಿ ನಮ್ಮ ಜನ ಕುಡಿದದ್ದು ಹೆಚ್ಚಾಗಿ ಕೆರೆ, ಹಳ್ಳ, ಬಾವಿ ನೀರು. ಸುರಪುರದ ಆಡಳಿತ ನೋಡಿಕೊಂಡಿದ್ದ ಬ್ರಿಟಿಷ್ ಅಧಿಕಾರಿ ಮೆಡೋಸ್ ಟೇಲರ್ ಕಾಲದಲ್ಲಿ ಅಭಿವೃದ್ಧಿಯಾದ ಬೋನಾಳ ಕೆರೆ ಈಗಲೂ ಇದೆ. ಮೇಲ್ಮೈ ನೀರಲ್ಲಿ ಸಾಮಾನ್ಯವಾಗಿ ಫ್ಲೋರೈಡ್ ಕಡಿಮೆ. ಹಾಗಂತ ಅದು ಸುವರ್ಣಯುಗ ಆಗಿರಲಿಲ್ಲ. ಕಾಲರಾ ಇತ್ತು. ಮೆಟ್ಟಿಲು ಬಾವಿಗಳಿಂದ ನಾರುಹುಣ್ಣು ಹರಡ್ತಿತ್ತು. ನೀರಿನ ಜೊತೆ ಹೊಟ್ಟೆ ಸೇರಿದ ಹುಳ ಸುಮಾರು ಒಂದು ವರ್ಷದ ಮೇಲೆ ಕಾಲಿನ ಚರ್ಮ ಸೀಳಿಕೊಂಡು ದಾರದ ಹಾಗೆ ಹೊರಗೆ ಬರೋದು. ಅದು ಹೆಚ್ಚಾಗಿದ್ದ ರಾಜ್ಯಗಳಲ್ಲಿ ಕರ್ನಾಟಕವೂ ಒಂದು.

1967ರಿಂದ ಯುನಿಸೆಫ್ ಗಟ್ಟಿ ಕಲ್ಲು ಕೊರೆಯೋ ಯಂತ್ರಗಳನ್ನು ಭಾರತಕ್ಕೆ ತಂದಿತು. 1970ರ ದಶಕದಲ್ಲಿ ‘ಇಂಡಿಯಾ ಮಾರ್ಕ್ 2’ ಅನ್ನೋ ಕೈಪಂಪು ಬಂತು. ನಮ್ಮ ಕಡೆ ಬೋರಿಂಗ್ ಅಂತೀವಲ್ಲ, ಅದೇ. ಮುಚ್ಚಿದ ನೀರು, ಹುಳ ಇಲ್ಲ. ಭಾರತದ ಕೊನೆಯ ನಾರುಹುಣ್ಣು ಪ್ರಕರಣ ದಾಖಲಾಗಿದ್ದು 1996ರಲ್ಲಿ. 2000ದಲ್ಲಿ ವಿಶ್ವ ಆರೋಗ್ಯ ಸಂಸ್ಥೆ ದೇಶ ಮುಕ್ತ ಅಂತ ಸರ್ಟಿಫಿಕೇಟ್ ಕೊಟ್ಟಿತು. ಈ ಗೆಲುವಲ್ಲಿ ಬೋರಿಂಗ್ ಪಾಲು ದೊಡ್ಡದು. ಆದ್ರೆ ಅದೇ ಪೈಪು ಗ್ರಾನೈಟ್ ಆಳಕ್ಕೂ ಇಳಿಯಿತು. ಹುಳದ ನೀರು ಬಿಟ್ಟ ಎಷ್ಟೋ ಹಳ್ಳಿಗೆ ಫ್ಲೋರೈಡ್ ನೀರು ಬಂತು. ಬೋರಿಂಗ್ ಹಾಕಿದ್ದು ತಪ್ಪು ಅಂತ ನಾನು ಹೇಳಲ್ಲ. ನೀರು ಬಂತಾ ಅಂತ ನೋಡಿದಷ್ಟು ಮುತುವರ್ಜಿಯಿಂದ ನೀರಲ್ಲಿ ಏನಿದೆ ಅಂತ ನೋಡಲಿಲ್ಲ, ಅಷ್ಟೇ.

ಮಕ್ಕಳ ಕಾಲು

1973ರಲ್ಲಿ ಹೈದರಾಬಾದಿನ ರಾಷ್ಟ್ರೀಯ ಪೋಷಣಾ ಸಂಸ್ಥೆಯ ಕೃಷ್ಣಮಾಚಾರಿ ಮತ್ತು ಕಮಲಾ ಕೃಷ್ಣಸ್ವಾಮಿ ಲ್ಯಾನ್ಸೆಟ್ ಪತ್ರಿಕೆಯಲ್ಲಿ ಒಂದು ವಿಷಯ ಬರೆದರು. ಫ್ಲೋರೈಡ್ ಪ್ರದೇಶದ ಹದಿಹರೆಯದವರಲ್ಲಿ ಮೊಣಕಾಲುಗಳು ಒಳಗೆ ಬಾಗಿ ಒಂದಕ್ಕೊಂದು ತಾಗುತ್ತಿವೆ, ಪಾದಗಳು ದೂರ ಸರಿಯುತ್ತಿವೆ. ಕ್ಯಾಲ್ಸಿಯಂ ಕಡಿಮೆ ಇರೋ ಊಟ ಸೇರಿದರೆ ಕಾಲು ಇನ್ನೂ ಸೊಟ್ಟ. ಜೋಳ ಉಣ್ಣುವವರ ಮೈಯಲ್ಲಿ ಅಕ್ಕಿ ಉಣ್ಣುವವರಿಗಿಂತ ಫ್ಲೋರೈಡ್ ಹೆಚ್ಚು ಉಳಿಯುತ್ತೆ ಅಂತಲೂ ಅದೇ ಸಂಸ್ಥೆಯವರು 1970ರ ದಶಕದಲ್ಲಿ ವರದಿ ಮಾಡಿದರು. ಹಾಗಂತ ರೊಟ್ಟಿ ಬಿಡಬೇಡಿ, ದೋಷ ನೀರಿನದು.

ಇಂಥ ಕಾಲಿಗೆ ಶಸ್ತ್ರಚಿಕಿತ್ಸೆ ಇದೆ. ಮೊಣಕಾಲಿನ ಸ್ವಲ್ಪ ಮೇಲೆ ತೊಡೆ ಎಲುಬನ್ನು ಲೆಕ್ಕ ಹಾಕಿ ಕತ್ತರಿಸಿ, ಬೆಣೆಯಾಕಾರದ ಚೂರು ತೆಗೆದು, ನೆಟ್ಟಗೆ ಕೂಡಿಸಿ ಪ್ಲೇಟ್ ಹಾಕ್ತಾರೆ. ಬಡಗಿ ಕೆಲಸ ಇದ್ದ ಹಾಗೆ ಕೇಳಿಸುತ್ತೆ, ಅಷ್ಟು ಸುಲಭ ಅಲ್ಲ. ಮೊಣಕಾಲಿನ ಹೊರಬದಿಯಲ್ಲಿ ಒಂದು ನರ ಹಾದುಹೋಗುತ್ತೆ. ಬಾಗಿದ ಕಾಲನ್ನು ಒಮ್ಮೆಲೇ ನೆಟ್ಟಗೆ ಮಾಡಿದರೆ ಆ ನರ ಎಳೆದು, ಪಾದ ಮೇಲೆತ್ತಲು ಬಾರದ ಹಾಗೆ ಆಗಬಹುದು. ಮಗು ಇನ್ನೂ ಬೆಳೀತಾ ಇದ್ದರೆ ಕತ್ತರಿಸೋದೇ ಬೇಡ. ಮೊಣಕಾಲಿನ ಒಳಬದಿಯ ಬೆಳವಣಿಗೆ ಜಾಗಕ್ಕೆ ಪುಟ್ಟ ಪ್ಲೇಟ್ ಹಾಕಿದರೆ ಆ ಬದಿ ನಿಧಾನವಾಗುತ್ತೆ, ಇನ್ನೊಂದು ಬದಿ ಬೆಳೆದು ಕಾಲು ತಾನೇ ಸರಿಹೋಗುತ್ತೆ. ಆದ್ರೆ ಎರಡಕ್ಕೂ ಒಂದೇ ಷರತ್ತು: ನೀರು ಬದಲಾಗಬೇಕು. ಅದೇ ನೀರು ಕುಡಿದರೆ ನೆಟ್ಟಗಾದ ಕಾಲು ಮತ್ತೆ ಬಾಗಬಹುದು.

ಬೆನ್ನಿನ ಇಕ್ಕಟ್ಟು

ಬೆನ್ನುಮೂಳೆಯ ಒಳಗೆ ಒಂದು ಕೊಳವೆ. ಅದರಲ್ಲಿ ಬೆನ್ನುಹುರಿ. ಫ್ಲೋರೋಸಿಸ್‌ನಲ್ಲಿ ಕೊಳವೆಯ ಗೋಡೆ ದಪ್ಪಗಾಗುತ್ತೆ, ಎಲುಬುಗಳನ್ನು ಕಟ್ಟಿಹಿಡಿಯೋ ಮೆತ್ತನೆಯ ನಾರೂ ಎಲುಬಾಗುತ್ತೆ. ಬೆನ್ನುಹುರಿಗೆ ಜಾಗ ಇಲ್ಲ. ಮೊದಲು ಜೋಮು, ಆಮೇಲೆ ಕಾಲು ಬಿಗಿ, ನಡಿಗೆ ತೊಡರು, ಕೊನೆಗೆ ಮೂತ್ರದ ಹಿಡಿತವೂ ತಪ್ಪಬಹುದು. ಈ ವಿಷಯದಲ್ಲಿ ದಶಕಗಳ ಕಾಲ ಕೆಲಸ ಮಾಡಿದ ಹೈದರಾಬಾದಿನ ನರಶಸ್ತ್ರಚಿಕಿತ್ಸಕ ಡಾ. ಡಿ. ರಾಜಾ ರೆಡ್ಡಿ ಅವರ ಅಂದಾಜಿನ ಪ್ರಕಾರ, ಎಲುಬಿನ ಫ್ಲೋರೋಸಿಸ್ ಇರುವವರಲ್ಲಿ ಸುಮಾರು ಶೇ. 10 ಮಂದಿಗೆ ನರದ ತೊಂದರೆ ಬರುತ್ತೆ.

ಇದಕ್ಕೆ ಮಾಡೋ ಆಪರೇಷನ್ ಹೆಸರು ಲ್ಯಾಮಿನೆಕ್ಟಮಿ. ಕೊಳವೆಯ ಹಿಂಬದಿಯ ಕಮಾನು ತೆಗೆದು ಹುರಿಗೆ ಉಸಿರಾಡೋ ಜಾಗ ಕೊಡೋದು. ಬೇರೆ ರೋಗಿಗಳಲ್ಲಿ ಕಮಾನಿನ ಕೆಳಗೆ ಉಪಕರಣ ತೂರಿಸಿ ಚೂರುಚೂರಾಗಿ ಕಡಿದು ತೆಗೀತಾರೆ. ಇಲ್ಲಿ ತೂರಿಸೋಕೆ ಜಾಗವೇ ಇಲ್ಲ. ಒತ್ತಿದರೆ ಇರೋ ಹುರಿಯೂ ಹೋಗುತ್ತೆ. ಎಲುಬೋ, ಸುಣ್ಣದ ಹಾಗೆ ಬಿಳುಪು, ಕಲ್ಲಿನ ಹಾಗೆ ಗಟ್ಟಿ. ಹಾಗಾಗಿ ವೇಗವಾಗಿ ತಿರುಗೋ ಡ್ರಿಲ್‌ನಿಂದ ಅದನ್ನು ಮೊಟ್ಟೆ ಚಿಪ್ಪಿನಷ್ಟು ತೆಳ್ಳಗೆ ಮಾಡಿ, ಆಮೇಲೆ ಮೆಲ್ಲಗೆ ಎತ್ತಬೇಕು. ಅರಿವಳಿಕೆ ಕೊಡೋರಿಗೂ ಕಷ್ಟ. ಕತ್ತು ಬಗ್ಗಲ್ಲ, ಗಂಟಲಿಗೆ ನಳಿಕೆ ಹಾಕೋದು ಸಾಹಸ. ಪಕ್ಕೆಲುಬು ಬಿಗಿದಿರುತ್ತೆ, ಉಸಿರಾಟಕ್ಕೂ ತೊಡಕು.

ಫಲಿತಾಂಶ? ಕೆಲವರು ಎದ್ದು ನಡೆದರು. ಕೆಲವರಿಗೆ ಇದ್ದದ್ದು ಉಳೀತು. ಕೆಲವರಿಗೆ ಏನೂ ಪ್ರಯೋಜನ ಆಗಲಿಲ್ಲ. ಕೈಕಾಲಿನ ನರ ತುಂಡಾದರೆ ಹೊಲಿಯಬಹುದು, ಅದು ದಿನಕ್ಕೆ ಸುಮಾರು 1 ಮಿಲಿಮೀಟರ್ ಬೆಳೆಯುತ್ತೆ. ಬೆನ್ನುಹುರಿ ಹಾಗೆ ಬೆಳೆಯಲ್ಲ. ಸರ್ಜನ್ ಒತ್ತಡ ತೆಗೆಯಬಹುದು, ಸತ್ತ ನರಕ್ಕೆ ಜೀವ ಕೊಡೋಕಾಗಲ್ಲ. ಅದಕ್ಕೇ ಇಡೀ ಕಥೆಯಲ್ಲಿ ನನಗೆ ಮುಖ್ಯ ಅನ್ನಿಸಿದ್ದು ಸರ್ಜನ್ ಕೈಚಳಕ ಅಲ್ಲ, ತಾರೀಖು. ಈ ಆಪರೇಷನ್‌ಗೆ ಒಂದು ಕೊನೇ ದಿನಾಂಕ ಇರುತ್ತೆ, ಅದನ್ನು ಯಾವ ಚೀಟಿಯಲ್ಲೂ ಬರೆದಿರಲ್ಲ.

ನಮ್ಮ ಕಡೆ ಆ ತಾರೀಖು ತಪ್ಪೋದು ಹೇಗೆ ಗೊತ್ತಾ? ‘ಅಜ್ಜಗ ವಯಸ್ಸಾತು, ಟೊಂಕ ಹಿಡದದ’ ಅಂತೀವಿ. ಎಣ್ಣೆ ತಿಕ್ಕಿಸ್ತೀವಿ. ಸುಗ್ಗಿ ಮುಗಿದ ಮೇಲೆ ನೋಡೋಣ ಅಂತೀವಿ. ಆಮೇಲೆ ಕಲಬುರಗಿ, ರಾಯಚೂರು, ಸೋಲಾಪುರ, ಹೈದರಾಬಾದ್ ಅಂತ ದೊಡ್ಡ ದವಾಖಾನೆಗೆ ಓಡ್ತೀವಿ. ಈಗ ಯಾದಗಿರಿಯಲ್ಲೇ ಸರ್ಕಾರಿ ಮೆಡಿಕಲ್ ಕಾಲೇಜ್ ಇದೆ. ಮೊದಲ ಎಕ್ಸ್‌ರೇಗೆ ಇನ್ನು ರೈಲು ಹತ್ತಬೇಕಾಗಿಲ್ಲ. ಎಲ್ಲಾ ಬೆನ್ನುನೋವೂ ಫ್ಲೋರೋಸಿಸ್ ಅಲ್ಲ. ಆದ್ರೆ ಬಿಗಿತದ ಜೊತೆ ಜೋಮು, ಕಾಲಿನ ಬಲ ಕಡಿಮೆ, ಮೂತ್ರದ ತೊಂದರೆ ಸೇರಿದರೆ ಒಂದು ವಾರವೂ ಕಾಯಬೇಡಿ.

ಆಪರೇಷನ್ ಟೇಬಲ್‌ಗೆ ಮುಂಚೆ

ನೀರಿಂದ ಫ್ಲೋರೈಡ್ ತೆಗೆಯೋದು ಗೊತ್ತಿಲ್ಲದ ವಿದ್ಯೆ ಏನಲ್ಲ. 1970ರ ದಶಕದಲ್ಲೇ ನಾಗಪುರದ ‘ನೀರಿ’ ಸಂಸ್ಥೆ ಪಟಿಕ, ಸುಣ್ಣ, ಬ್ಲೀಚಿಂಗ್ ಪೌಡರ್ ಬಳಸೋ ವಿಧಾನ ಪ್ರಕಟಿಸಿತು. ಅದರ ಹೆಸರೇ ನಲ್ಗೊಂಡ ವಿಧಾನ. ಫ್ಲೋರೋಸಿಸ್ ತಡೆಗೆ ಕೇಂದ್ರದ ಕಾರ್ಯಕ್ರಮ ಶುರುವಾಗಿದ್ದು 2008-09ರಲ್ಲಿ. ಈಗ ಹಳ್ಳಿಗಳಲ್ಲಿ ಕಾಯಿನ್ ಹಾಕಿ ಕೊಡ ತುಂಬಿಸೋ ಶುದ್ಧ ನೀರಿನ ಘಟಕ ಇವೆ. ಕೆಟ್ಟು ನಿಂತ ಘಟಕಗಳೂ ಇವೆ, ಅದು ನಿಮಗೇ ಗೊತ್ತು. ಘಟಕ ಕೆಟ್ಟ ದಿನ ಜನ ಮತ್ತೆ ಹಳೇ ಬೋರಿಗೇ ಹೋಗ್ತಾರೆ, ಪಿಗ್ಮಿ ಮತ್ತೆ ಶುರು.

ಎರಡು ವಿಷಯ ನೆನಪಿಡಿ. ನೀರು ಕಾಯಿಸಿದರೆ ಫ್ಲೋರೈಡ್ ಹೋಗಲ್ಲ. ಆವಿಯಾಗಿ ನೀರು ಕಡಿಮೆಯಾದಷ್ಟು ಅದು ಗಟ್ಟಿಯಾಗುತ್ತೆ. ಇನ್ನೊಂದು, ಮಕ್ಕಳ ಹಲ್ಲಲ್ಲಿ ಬಿಳಿ ಅಥವಾ ಕಂದು ಪಟ್ಟೆ ಕಂಡರೆ ಬ್ರಷ್ ಮಾಡಿಲ್ಲ ಅಂತ ಬೈಯಬೇಡಿ, ಮೊದಲು ಮನೆಯ ನೀರನ್ನು ಪರೀಕ್ಷೆಗೆ ಕೊಡಿ. ಹಲ್ಲು ರೂಪುಗೊಳ್ಳೋ ವಯಸ್ಸಲ್ಲೇ ಆ ಪಟ್ಟೆ ಬೀಳೋದು, ಬೆನ್ನು ಬಿಗಿಯೋಕೆ ಎಷ್ಟೋ ವರ್ಷ ಮುಂಚೆ. ಅಷ್ಟು ವರ್ಷ ಮೊದಲೇ ಸಿಗೋ ನೋಟಿಸ್ ಅದು.

ನಿಮ್ಮೂರಿನ ಬೋರ್ ನೀರಿನ ಕೊನೆಯ ಪರೀಕ್ಷೆ ಯಾವಾಗ ಆಯ್ತು, ಫ್ಲೋರೈಡ್ ಎಷ್ಟು ಬಂತು ಅಂತ ಪಂಚಾಯಿತಿಯಲ್ಲಿ ಕೇಳಿ. ಉತ್ತರ ಸಿಕ್ಕರೆ ನಮಗೂ ವಾಯ್ಸ್ ಮೆಸೇಜ್ ಕಳಿಸಿ, ಸಿಗದಿದ್ದರೂ ಕಳಿಸಿ. ಮುಂದಿನ ಎಪಿಸೋಡ್‌ನಲ್ಲಿ ಸಿಗೋಣ.