ಹಾಸ್ಟೆಲ್ ಹುಡುಗಿಗೆ ಹಣಕಾಸು ಖಾತೆ ಕೊಡಿ



ಕಾಲೇಜುಗಳಲ್ಲಿ ನಡೆಯೋ ಅಣಕು ಸಂಸತ್ತು ಅಂದ್ರೆ ಒಂದು ದಿನದ ಮೋಜು ಅನ್ನೋರಿದ್ದಾರೆ. ಅದರಲ್ಲಿ ನಮ್ಮ ಚರಿತ್ರೆಯೂ ಇದೆ.

1945ರಲ್ಲಿ ಬಾಬಾಸಾಹೇಬರು ಪೀಪಲ್ಸ್ ಎಜುಕೇಶನ್ ಸೊಸೈಟಿ ಕಟ್ಟಿದರು. ಮರುವರ್ಷ ಮುಂಬೈನಲ್ಲಿ ಸಿದ್ಧಾರ್ಥ ಕಾಲೇಜು ಶುರುವಾಯ್ತು. ಅಲ್ಲೊಂದು ವಿದ್ಯಾರ್ಥಿ ಸಂಸತ್ತಿತ್ತು. 1950ರ ಜನವರಿಯಲ್ಲಿ, ದೆಹಲಿಯಲ್ಲಿ ಹಿಂದೂ ಕೋಡ್ ಬಿಲ್‌ಗೆ ಅಡ್ಡಗಾಲು ಹಾಕ್ತಿದ್ದ ಹೊತ್ತಿನಲ್ಲಿ, ದೇಶದ ಕಾನೂನು ಮಂತ್ರಿ ಅಂಬೇಡ್ಕರ್ ಅದೇ ಮಸೂದೆಯ ಬಗ್ಗೆ ಈ ಸಂಸತ್ತಿನ ಮುಂದೆ ಮಾತಾಡಿದರು. ಹುಡುಗರ ಆಟ ಅಂತ ಹಗುರ ಮಾಡಲಿಲ್ಲ.

1956ರ ಜುಲೈನಲ್ಲಿ ರಾಜಕೀಯಕ್ಕೆ ಬರೋರಿಗೆ ತರಬೇತಿ ಶಾಲೆಯನ್ನೇ ತೆರೆದರು. ಇದ್ದವರು 15 ವಿದ್ಯಾರ್ಥಿಗಳು. ಡಿಸೆಂಬರ್ 6ಕ್ಕೆ ಬಾಬಾಸಾಹೇಬರು ಹೋದರು. 1957ರ ಮಾರ್ಚ್‌ಗೆ ಶಾಲೆಯೂ ನಿಂತಿತು.

ತರಬೇತಿ ಯಾಕೆ ಬೇಕು? ಅಪ್ಪ ಪಂಚಾಯ್ತಿ ಕಟ್ಟೆ ಮೇಲೆ ಕೂತು ತೀರ್ಪು ಹೇಳೋದನ್ನ ನೋಡಿ ಬೆಳೆದವರಿಗೆ ಅಧಿಕಾರ ಮನೆಯಲ್ಲೇ ಅಭ್ಯಾಸ ಆಗಿರುತ್ತೆ. ಕಟ್ಟೆ ಕೆಳಗೆ ಕೈಕಟ್ಟಿ ನಿಂತವರ ಮಕ್ಕಳು ಎದ್ದು ಪ್ರಶ್ನೆ ಕೇಳೋದು, ಗದ್ದಲದ ನಡುವೆಯೂ ಮಾತು ಬಿಡದಿರೋದು, ಎದುರಿನವರ ವಾದ ಮೊದಲೇ ಊಹಿಸೋದು, ಎಲ್ಲವನ್ನೂ ಮಾಡಿಯೇ ಕಲೀಬೇಕು.

ಆದರೆ ಪಾತ್ರ ಹಂಚೋರು ಯಾರು? ಅಲ್ಲೇ ಇರೋದು ರಾಜಕೀಯ. 1951ರಲ್ಲಿ ಸಂಪುಟಕ್ಕೆ ರಾಜೀನಾಮೆ ಕೊಟ್ಟಾಗ ಬಾಬಾಸಾಹೇಬರು ಹೇಳಿದ ನೋವುಗಳಲ್ಲಿ ಒಂದು, ಕೇಳಿದ್ದ ಯೋಜನಾ ಖಾತೆ ಕೊಡಲಿಲ್ಲ ಅನ್ನೋದು. ಅರ್ಥಶಾಸ್ತ್ರದಲ್ಲಿ ಡಾಕ್ಟರೇಟ್ ಪಡೆದಿದ್ದವರ ಕಥೆ ಇದು! ನಮ್ಮಲ್ಲಿ ಅರಸು ಸಂಪುಟದಲ್ಲಿ ಬಿ. ಬಸವಲಿಂಗಪ್ಪನವರ ಕೈಗೆ ಅಧಿಕಾರ ಸಿಕ್ಕಿದ್ದಕ್ಕೇ ತಲೆ ಮೇಲೆ ಮಲ ಹೊರೋ ಪದ್ಧತಿಗೆ ನಿಷೇಧ ಬಿತ್ತು.

ನಮ್ಮ ಪಶ್ಚಿಮ ಬೆಂಗಳೂರನ್ನೇ ನೋಡಿ. ಶ್ರೀರಾಮಪುರದಲ್ಲಿ ಬೆಳೆದು, ಹಾಸ್ಟೆಲ್‌ನಲ್ಲಿ ಓದಿದ ಸಿದ್ಧಲಿಂಗಯ್ಯನವರು ಬೆಂಗಳೂರು ವಿಶ್ವವಿದ್ಯಾಲಯದಲ್ಲಿ ಕನ್ನಡ ಮೇಷ್ಟ್ರಾದರು, 1988ರಲ್ಲಿ ವಿಧಾನ ಪರಿಷತ್ತಿಗೂ ಹೋದರು. ದಾರಿ ಇದೆ. ಅದು ಒಬ್ಬಿಬ್ಬರ ದಾರಿಯಾಗಿ ಉಳಿಯಬಾರದು.

ಅದಕ್ಕೇ ಜ್ಞಾನಭಾರತಿ, ಕೆಂಗೇರಿ, ವಿಜಯನಗರ, ಬಸವೇಶ್ವರನಗರದ ಮೇಷ್ಟ್ರುಗಳಲ್ಲಿ, ಹಾಸ್ಟೆಲ್ ಗೆಳೆಯರಲ್ಲಿ ಒಂದು ಮನವಿ. ಈ ಸಲ ಅಂಬೇಡ್ಕರ್ ಜಯಂತಿಗೆ ಹಾರ, ಭಾಷಣದ ಜೊತೆ ಒಂದು ಅಧಿವೇಶನ ನಡೆಸಿ. ಬರೆದುಕೊಟ್ಟ ಮಾತು ಬೇಡ. ಚೀಟಿ ಎತ್ತಿ ಪಾತ್ರ ಹಂಚಿ. ನಮ್ಮ ಮಕ್ಕಳಿಗೆ ಸಮಾಜ ಕಲ್ಯಾಣ ಖಾತೆ ಮಾತ್ರ ಅನ್ನೋ ರೂಢಿ ಅಲ್ಲೇ ಮುರೀಲಿ. 2013ರ ಎಸ್‌ಸಿಎಸ್‌ಪಿ–ಟಿಎಸ್‌ಪಿ ಕಾಯ್ದೆಯ ಹಣ ಎಲ್ಲಿ ಖರ್ಚಾಯ್ತು ಅಂತ ವಿರೋಧ ಪಕ್ಷ ಕೇಳಲಿ. ಹಣಕಾಸು ಮಂತ್ರಿಯಾದ ಹಾಸ್ಟೆಲ್ ಹುಡುಗಿ ಬಜೆಟ್ ಪುಸ್ತಕ ಓದಿಕೊಂಡು ಬಂದು ಉತ್ತರ ಕೊಡಲಿ. ಮಧ್ಯಾಹ್ನದ ಮೇಲೆ ಪಾತ್ರ ಅದಲು ಬದಲು ಮಾಡಿ, ಅದೇ ಹುಡುಗಿ ಪ್ರಶ್ನೆ ಕೇಳಲಿ.

ನಾಳೆ ನಿಜವಾದ ಸದನದಲ್ಲಿ ಆ ಪ್ರಶ್ನೆ ಕೇಳೋರು ನಮಗೆ ಬೇಕು.

ಜೈ ಭೀಮ್.