ಭದ್ರಾವತಿ ರೈಲು ನಿಲ್ದಾಣ: ಒಂದು ಊರು, ಎರಡು ಹಳಿ

ಬೀರೂರಿನಿಂದ ಶಿವಮೊಗ್ಗಕ್ಕೆ ಹೋಗುವ ರೈಲು ತರೀಕೆರೆ, ಮಸರಹಳ್ಳಿಗಳನ್ನು ದಾಟಿ ಭದ್ರಾವತಿಗೆ ಬರುತ್ತದೆ. ಅಲ್ಲಿಂದ ಶಿವಮೊಗ್ಗಕ್ಕೆ ಉಳಿಯುವುದು ಸುಮಾರು 20 ಕಿಲೋಮೀಟರ್. ಇಂದು ಈ ನಿಲ್ದಾಣ ನೈಋತ್ಯ ರೈಲ್ವೆಯ ಮೈಸೂರು ವಿಭಾಗಕ್ಕೆ ಸೇರಿದೆ. ಇಲ್ಲಿರುವುದು ಒಂದೇ ಆಡಳಿತ, ಒಂದೇ ಅಳತೆಯ ಹಳಿ. ಹೀಗಾಗಿ ಇದನ್ನು ಕವಲು ಮಾರ್ಗದ ಒಂದು ಸಾಧಾರಣ ನಿಲ್ದಾಣವೆಂದು ಎರಡು ಸಾಲಿನಲ್ಲಿ ಬರೆದು ಮುಗಿಸುವುದು ರೂಢಿ. ಆ ರೂಢಿ ಸರಿಯಲ್ಲ. ಇಪ್ಪತ್ತನೆಯ ಶತಮಾನದಲ್ಲಿ ದಶಕಗಳ ಕಾಲ ಈ ಊರಿಗೆ ಎರಡು ರೈಲುಗಳಿದ್ದವು. ಒಂದು ಜನರನ್ನೂ ಸರಕನ್ನೂ ಹೊರಲೋಕಕ್ಕೆ ಒಯ್ಯುತ್ತಿದ್ದ ಮೀಟರ್‌ಗೇಜ್. ಇನ್ನೊಂದು ಕಬ್ಬಿಣದ ಕಾರ್ಖಾನೆ ತನಗಾಗಿ ಕಾಡಿನೊಳಕ್ಕೆ ಹಾಸಿಕೊಂಡಿದ್ದ ಎರಡು ಅಡಿ ಅಗಲದ ಟ್ರಾಮ್ ಹಳಿ. ಭದ್ರಾವತಿ ನಿಲ್ದಾಣದ ಚರಿತ್ರೆಯೆಂದರೆ ಈ ಎರಡೂ ಹಳಿಗಳ ಒಟ್ಟು ಚರಿತ್ರೆ. ಒಂದನ್ನು ಬಿಟ್ಟರೆ ಇನ್ನೊಂದು ಏಕೆ ಬೆಳೆಯಿತು, ಏಕೆ ಬಾಡಿತು ಎಂಬುದು ತಿಳಿಯುವುದಿಲ್ಲ.

ಮೊದಲು ಬಂದದ್ದು ಮೀಟರ್‌ಗೇಜ್. ಬೆಂಗಳೂರು–ಹರಿಹರ ಮಾರ್ಗ 1889ರ ಹೊತ್ತಿಗೆ ಸಿದ್ಧವಾಗಿತ್ತು. ಅದರ ಮೇಲಿನ ಬೀರೂರಿನಿಂದ ಶಿವಮೊಗ್ಗಕ್ಕೆ ಕವಲು ತೆಗೆದದ್ದು 1899ರಲ್ಲಿ. ಮೈಸೂರು ಸಂಸ್ಥಾನದ ಈ ಹಳಿಯ ಮೇಲೆ ಗಾಡಿ ಓಡಿಸುವ ಹೊಣೆ ಸದರ್ನ್ ಮರಾಠಾ ರೈಲ್ವೆ ಕಂಪನಿಯದು. 1908ರಲ್ಲಿ ಆ ಕಂಪನಿ ಮದ್ರಾಸ್ ರೈಲ್ವೆಯೊಡನೆ ಸೇರಿ ಮದ್ರಾಸ್ ಅಂಡ್ ಸದರ್ನ್ ಮರಾಠಾ ರೈಲ್ವೆಯಾಯಿತು. ಭದ್ರಾವತಿಗೆ ಆಗಿನ್ನೂ ಬೆಂಕಿಪುರವೆಂದೇ ಹೆಸರು. ಹಳಿ ಇಲ್ಲಿ ಭದ್ರೆಯನ್ನು ದಾಟಿತು, ಶಿವಮೊಗ್ಗದಲ್ಲಿ ತುಂಗೆಯನ್ನು ದಾಟದೆ ನಿಂತುಬಿಟ್ಟಿತು. ಎರಡು ನದಿಗಳ ನಡುವಿನ ನೆಲಕ್ಕೆ ರೈಲು ತಲುಪಿತು, ಅದರಾಚೆಯ ಸಾಗರ ಸೀಮೆಗೆ ಇನ್ನೂ ನಾಲ್ಕು ದಶಕ ಎತ್ತಿನ ಗಾಡಿಯ ದಾರಿಯೇ ಮುಖ್ಯವಾಗಿ ಉಳಿಯಿತು. ಮೊದಲ ಇಪ್ಪತ್ತು ವರ್ಷ ಬೆಂಕಿಪುರ ಕವಲುದಾರಿಯ ಮೇಲಿನ ಒಂದು ತಂಗುದಾಣವಷ್ಟೇ. ಆದರೂ ಆ ತಂಗುದಾಣ ಅಲ್ಲಿದ್ದದ್ದು ಮುಂದೆ ದೊಡ್ಡ ನಿರ್ಧಾರವೊಂದಕ್ಕೆ ಆಧಾರವಾಯಿತು. 1912ರಿಂದ 1918ರವರೆಗೆ ದಿವಾನರಾಗಿದ್ದ ಎಂ. ವಿಶ್ವೇಶ್ವರಯ್ಯನವರ ಕಾಲದಲ್ಲಿ ಮೈಸೂರಿನ ಕಬ್ಬಿಣದ ಯೋಜನೆ ರೂಪುಗೊಂಡಾಗ ಜಾಗ ಹುಡುಕಬೇಕಾಯಿತು. ತೀರದ ನೀರು, ಸುತ್ತ ಕಾಡು, ಹತ್ತಿರದ ಬೆಟ್ಟದಲ್ಲಿ ಅದಿರು, ತಯಾರಾದ ಮಾಲನ್ನು ಹೊರಗೆ ಕಳಿಸಲು ರೈಲು, ಈ ನಾಲ್ಕೂ ಒಂದೆಡೆ ಕೂಡಿದ್ದದ್ದು ಬೆಂಕಿಪುರದಲ್ಲಿ.

ಎರಡನೆಯ ರೈಲು ಹುಟ್ಟಿದ್ದು ಮೈಸೂರಿಗಿದ್ದ ಒಂದು ಕೊರತೆಯಿಂದ. ಸಂಸ್ಥಾನದಲ್ಲಿ ಕಲ್ಲಿದ್ದಲು ಇರಲಿಲ್ಲ. ಊದುಕುಲುಮೆಗೆ ಮಲೆನಾಡಿನ ಸೌದೆಯನ್ನೇ ಸುಟ್ಟು ಇದ್ದಿಲು ಮಾಡಬೇಕಿತ್ತು. 1923ರ ಜನವರಿಯಲ್ಲಿ ಕೆಲಸ ಆರಂಭಿಸಿದ ಕಾರ್ಖಾನೆಯ ಹೆಸರಿನಲ್ಲಿ ಕಬ್ಬಿಣದ ಜೊತೆಗೆ ಮರದ ಬಟ್ಟಿಯಿಳಿಸುವಿಕೆಯೂ ಸೇರಿದ್ದು ಅದಕ್ಕೇ. ಮರವನ್ನು ಗಾಳಿಯಾಡದಂತೆ ಕಾಯಿಸಿ ಇದ್ದಿಲು ತೆಗೆಯುವಾಗ ಹೊರಬರುತ್ತಿದ್ದ ಮರದ ಮದ್ಯಸಾರ, ಟಾರು ಮೊದಲಾದವನ್ನು ವ್ಯರ್ಥ ಮಾಡದೆ ಮಾರುವುದು ಯೋಜನೆಯ ಭಾಗವಾಗಿತ್ತು. ಅದಿರು ಕೆಮ್ಮಣ್ಣುಗುಂಡಿಯದು. ಬೆಟ್ಟದ ಮೇಲೆ ಅಗೆದ ಕೆಂಪು ಕಲ್ಲು ರೋಪ್‌ವೇಯ ತೊಟ್ಟಿಗಳಲ್ಲಿ ಕಾಡಿನ ನೆತ್ತಿಯ ಮೇಲೆ ತೂಗುತ್ತ ತಣಿಗೆಬೈಲಿಗೆ ಇಳಿಯುತ್ತಿತ್ತು. ಅಲ್ಲಿ ಪುಟ್ಟ ಬಂಡಿಗಳಿಗೆ ಸುರಿದುಕೊಂಡು ಟ್ರಾಮ್ ಅದನ್ನು ಭದ್ರಾವತಿಗೆ ತರುತ್ತಿತ್ತು. ಸೌದೆಯೂ ಇಂಥದೇ ಹಳಿಗಳ ಮೇಲೆ ಕಾಡಿನಿಂದ ಬರುತ್ತಿತ್ತು. ಎರಡು ಅಡಿ ಎಂದರೆ 610 ಮಿಲಿಮೀಟರ್. ಇಷ್ಟು ಕಿರಿದಾದ ಹಳಿ ಮಲೆನಾಡಿನ ತಿರುವುಗಳಲ್ಲಿ ಸುಲಭವಾಗಿ ಬಳುಕುತ್ತದೆ, ದೊಡ್ಡ ಸೇತುವೆ ಬೇಡುವುದಿಲ್ಲ, ಮರ ಕಡಿದು ಮುಗಿದ ಕೂಪಿನಿಂದ (ಕಡಿಯಲು ಗುರುತಿಸಿದ ಕಾಡಿನ ಭಾಗ) ಕಿತ್ತು ಮುಂದಿನ ಕೂಪಿಗೆ ಹಾಸಬಹುದು. ಪಕ್ಕದ ತರೀಕೆರೆಯಿಂದ ನರಸಿಂಹರಾಜಪುರಕ್ಕೂ ಇದೇ ಅಳತೆಯ ಹಳಿ 1910ರ ದಶಕದಲ್ಲೇ ಬಿದ್ದಿತ್ತು. ಕಾಡಿನ ಒಳಸೀಮೆಗೆ ಇದೇ ತಕ್ಕ ಅಳತೆ ಎಂಬುದು ಆ ಹೊತ್ತಿಗೆ ಅನುಭವಕ್ಕೆ ಬಂದಿದ್ದ ಮಾತು.

ಈ ಎರಡು ಹಳಿಗಳ ನಡುವಿನ ಸಂಬಂಧ ಎಂಥದು ಎಂಬುದನ್ನು ತೂಕದ ಲೆಕ್ಕದಿಂದ ನೋಡಬೇಕು. ಒಂದು ಟನ್ ಬೀಡು ಕಬ್ಬಿಣ ತಯಾರಾಗಲು ಒಂದೂವರೆ ಟನ್ನಿಗೂ ಹೆಚ್ಚು ಅದಿರು ಬೇಕು. ಅದರ ಮೇಲೆ ಸುಣ್ಣಕಲ್ಲು, ಇದ್ದಿಲು. ಆ ಇದ್ದಿಲಿಗೆ ಅದರ ಹಲವು ಪಟ್ಟು ತೂಕದ ಸೌದೆ. ಅಂದರೆ ಮೀಟರ್‌ಗೇಜ್ ಮೇಲೆ ಒಂದು ವ್ಯಾಗನ್ ಕಬ್ಬಿಣ ಬೀರೂರಿನ ಕಡೆ ಹೊರಟಿತೆಂದರೆ, ಕುಲುಮೆಯತ್ತ ಅದರ ಎಷ್ಟೋ ಪಟ್ಟು ಹೊರೆ ಅದಾಗಲೇ ಬಂದು ಸುರಿದಿರಬೇಕು. ಅಗಲದ ಹಳಿಗೆ ಹೆಸರು, ವೇಳಾಪಟ್ಟಿ, ಟಿಕೆಟ್ಟು ಇದ್ದವು, ಹೊರೆಯ ಬಹುಪಾಲನ್ನು ಹೊತ್ತದ್ದು ಕಿರಿದಾದ ಹಳಿ. ರೈಲುಗಳು ಕೂಡುವ ಬೇರೆ ಊರುಗಳಲ್ಲಿ ಹಮಾಲರು ಒಂದು ಗಾಡಿಯ ಮೂಟೆಯನ್ನು ಇನ್ನೊಂದು ಗಾಡಿಗೆ ಹೊತ್ತು ಹಾಕುತ್ತಾರೆ, ಮೂಟೆ ಮೂಟೆಯಾಗಿಯೇ ಇರುತ್ತದೆ. ಭದ್ರಾವತಿಯಲ್ಲಿ ಎರಡು ಹಳಿಗಳ ನಡುವೆ ಇದ್ದದ್ದು ಊದುಕುಲುಮೆ. ಒಂದು ಹಳಿಯಲ್ಲಿ ಕೆಂಪು ಕಲ್ಲೂ ಹಸಿ ಮರವೂ ಆಗಿ ಬಂದದ್ದು ಇನ್ನೊಂದು ಹಳಿಯಲ್ಲಿ ಕಬ್ಬಿಣವಾಗಿ ಹೋಗುತ್ತಿತ್ತು. ರೈಲು ಕೂಡುದಾಣಗಳಲ್ಲಿ ಇಂಥ ಬಗೆ ವಿರಳ. ಈ ನಿಲ್ದಾಣವನ್ನು ಎರಡು ಸಾಲಿನಲ್ಲಿ ಮುಗಿಸಬಾರದೆನ್ನಲು ಇದೊಂದೇ ಕಾರಣ ಸಾಕು.

ಇದನ್ನು ಎರಡು ರೈಲುಗಳ ನಿಲ್ದಾಣವೆನ್ನುವುದಕ್ಕೆ ಆಕ್ಷೇಪಗಳಿವೆ, ಅವು ಹಗುರವಾದವಲ್ಲ. ಮೊದಲನೆಯದು ಒಡೆತನದ್ದು: 1919ರಲ್ಲಿ ಬೀರೂರು–ಶಿವಮೊಗ್ಗ ಮಾರ್ಗವನ್ನು ಮೈಸೂರು ಸರ್ಕಾರ ಕಂಪನಿಯಿಂದ ತನ್ನ ಕೈಗೆ ತೆಗೆದುಕೊಂಡಿತು, ಕಾರ್ಖಾನೆಯೂ ಅದೇ ಸರ್ಕಾರದ್ದು, ಮತ್ತೆ ಎರಡು ರೈಲು ಎಲ್ಲಿಂದ ಬಂತು? ಇದಕ್ಕೆ ಉತ್ತರ ಬೀರೂರಿನಲ್ಲಿದೆ. ಬೆಂಗಳೂರು–ಹರಿಹರ ಮುಖ್ಯ ಮಾರ್ಗ 1938ರವರೆಗೂ ಕಂಪನಿಯ ಆಡಳಿತದಲ್ಲೇ ಉಳಿಯಿತು. ಹೀಗೆ ಸುಮಾರು ಹತ್ತೊಂಬತ್ತು ವರ್ಷ ಬೀರೂರು ನಿಜವಾದ ಅರ್ಥದಲ್ಲಿ ಎರಡು ಆಡಳಿತಗಳ ನಿಲ್ದಾಣವಾಗಿತ್ತು: ಮುಖ್ಯ ಮಾರ್ಗ ಕಂಪನಿಯದು, ಕವಲು ಸಂಸ್ಥಾನದ್ದು. ಆದರೆ ಎರಡೂ ಮೀಟರ್‌ಗೇಜ್ ಆದ್ದರಿಂದ ಶಿವಮೊಗ್ಗದ ವ್ಯಾಗನ್ ಬೀರೂರಿನಲ್ಲಿ ಸರಕಿಳಿಸದೆ ಮುಂದೆ ಹೋಗಬಹುದಿತ್ತು. ಅಲ್ಲಿನ ಗಡಿ ಇದ್ದದ್ದು ಲೆಕ್ಕದ ಪುಸ್ತಕದಲ್ಲಿ. ಭದ್ರಾವತಿಯಲ್ಲಿ ಒಡೆಯ ಒಬ್ಬನೇ ಇದ್ದರೂ ಹಳಿಯ ಅಳತೆ ಬೇರೆ, ಎಂಜಿನ್ ಬೇರೆ, ಕೆಲಸಗಾರರು ಬೇರೆ, ಗಾಡಿ ಯಾವಾಗ ಹೊರಡಬೇಕೆಂದು ಹೇಳುವವರು ಬೇರೆ. ನಿಲ್ದಾಣವನ್ನು ಎರಡು ರೈಲುಗಳದ್ದೆಂದು ಕರೆಯಲು ಯಾವುದು ದೊಡ್ಡ ಪ್ರಮಾಣ, ಹೆಸರುಪಟ್ಟಿಯೋ ಕೆಲಸವೋ? ಕೆಲಸವೇ ಎಂಬುದು ಇಲ್ಲಿನ ನಿಲುವು. ಒಡೆತನದ ಪ್ರಶ್ನೆಯೂ ಹೆಚ್ಚು ದಿನ ಉಳಿಯಲಿಲ್ಲ. 1950ರ ಏಪ್ರಿಲ್ 1ರಂದು ಮೈಸೂರು ರೈಲ್ವೆ ಭಾರತ ಸರ್ಕಾರಕ್ಕೆ ಸೇರಿತು, ಮರುವರ್ಷ ದಕ್ಷಿಣ ರೈಲ್ವೆಯ ಭಾಗವಾಯಿತು. ಕಾರ್ಖಾನೆ ಮೈಸೂರು ರಾಜ್ಯದ್ದಾಗಿಯೇ ಉಳಿಯಿತು. ಅಲ್ಲಿಂದ ಮುಂದೆ ಒಡೆಯರೂ ಇಬ್ಬರು.

ಎರಡನೆಯ ಆಕ್ಷೇಪ ಇನ್ನೂ ಬಲವಾದದ್ದು. ಟ್ರಾಮ್ ಸಾರ್ವಜನಿಕರನ್ನು ಒಯ್ಯಲು ಹಾಕಿದ್ದಲ್ಲ, ಅದು ಬಂದು ನಿಲ್ಲುತ್ತಿದ್ದದ್ದು ಕಾರ್ಖಾನೆಯ ಅಂಗಳದಲ್ಲಿ. ಪ್ಲಾಟ್‌ಫಾರಂ ಹಂಚಿಕೊಳ್ಳದ ರೈಲನ್ನು ನಿಲ್ದಾಣದ ಪಾಲುದಾರ ಎನ್ನಬಹುದೇ? ಇಲ್ಲಿ ಜಪಾನಿನ ಕಾಶಿವಾ ನಿಲ್ದಾಣವನ್ನು ನೆನೆಯುವುದು ಉಪಯುಕ್ತ. ಟೋಕಿಯೋದ ಹೊರವಲಯದ ಚಿಬಾ ಪ್ರಾಂತದ ಈ ಊರಲ್ಲಿ ಇಂದು ಜೆಆರ್ ಈಸ್ಟ್ ಮತ್ತು ತೋಬು ಎಂಬ ಎರಡು ಸಂಸ್ಥೆಗಳ ರೈಲುಗಳು ಕೂಡುತ್ತವೆ. ಎರಡಕ್ಕೂ ತಮ್ಮ ತಮ್ಮ ಪ್ಲಾಟ್‌ಫಾರಂ, ತಮ್ಮ ತಮ್ಮ ಗೇಟು. ಆದರೂ ಅದನ್ನು ಎರಡು ಸಂಸ್ಥೆಗಳ ಒಂದು ನಿಲ್ದಾಣವೆಂದೇ ಎಲ್ಲರೂ ಎಣಿಸುತ್ತಾರೆ. ಅದರ ಹುಟ್ಟು ಇನ್ನೂ ಕುತೂಹಲದ್ದು. ಮುಖ್ಯ ಮಾರ್ಗದ ಮೇಲೆ ಕಾಶಿವಾ ನಿಲ್ದಾಣ ತೆರೆದದ್ದು 1896ರಲ್ಲಿ, ನಮ್ಮ ಕವಲು ದಾರಿಗೆ ಮೂರು ವರ್ಷ ಮೊದಲು. ಅಲ್ಲಿಗೆ ಎರಡನೆಯ ರೈಲು ಬಂದದ್ದು 1911ರಲ್ಲಿ, ನೋಡಾ ಊರಿನ ಸೋಯಾ ಸಾಸ್ ಸಾಗಿಸಲೆಂದು. ಆ ಕಿರುರೈಲಿಗೆ ಬೇಕಾದ ಹಣಕ್ಕೆ ಒತ್ತಾಸೆಯಾದವರು ಸೋಯಾ ಸಾಸ್ ತಯಾರಕರೇ. ಅದು ಕೈಯಿಂದ ಕೈಗೆ ಹೋಗಿ 1944ರಲ್ಲಿ ತೋಬು ಸಂಸ್ಥೆಗೆ ಸೇರಿತು, ಕ್ರಮೇಣ ಜನರ ನಿತ್ಯದ ರೈಲಾಯಿತು. ಎರಡು ರೈಲುಗಳ ನಿಲ್ದಾಣ ಕಾರ್ಖಾನೆಯ ಸರಕಿನಿಂದಲೇ ಹುಟ್ಟಬಹುದು ಎಂಬುದಕ್ಕೆ ಇದು ಸ್ಪಷ್ಟ ನಿದರ್ಶನ. ಜನ ಹತ್ತುವುದು ಆಮೇಲಿನ ಮಾತು, ಕೆಲವೊಮ್ಮೆ ಅದು ಆಗದೆಯೂ ಹೋಗಬಹುದು. ಭದ್ರಾವತಿಯಲ್ಲಿ ಅದು ಆಗಲಿಲ್ಲ. ಕಾನೂನಿನ ಕಣ್ಣಿನಲ್ಲಿ ಇದು ಜಂಟಿ ನಿಲ್ದಾಣವಾಗಿರಲಿಲ್ಲ ಎಂಬಷ್ಟನ್ನು ಒಪ್ಪಬೇಕು, ಅದಕ್ಕಿಂತ ಹೆಚ್ಚನ್ನು ಒಪ್ಪಬೇಕಿಲ್ಲ.

ಆಗಲಿಲ್ಲ ಏಕೆ ಎಂಬ ಪ್ರಶ್ನೆಗೂ ಉತ್ತರವಿದೆ. ನೋಡಾದ ಹಳಿ ಜನವಸತಿಯಿಂದ ಜನವಸತಿಗೆ ಹೋಗುತ್ತಿತ್ತು. ಭದ್ರಾವತಿಯ ಟ್ರಾಮ್ ಹೋಗುತ್ತಿದ್ದದ್ದು ಕಾಡಿಗೆ. ಕಾಡಿನ ಸೌದೆಗೆ ಬದಲಿ ಸಿಕ್ಕ ದಿನ ಅದರ ಮುಖ್ಯ ಹೊರೆ ತಪ್ಪುವುದು ಖಚಿತವಿತ್ತು. ಆ ಬದಲಿ ಬಂದದ್ದು ಜೋಗದಿಂದ. ಶರಾವತಿಯ ವಿದ್ಯುದಾಗಾರ 1948ರಲ್ಲಿ ಕೆಲಸ ಆರಂಭಿಸಿತು, 1950ರ ದಶಕದಲ್ಲಿ ಭದ್ರಾವತಿಗೆ ವಿದ್ಯುತ್ ಕುಲುಮೆಗಳು ಬಂದವು. ಟ್ರಾಮ್ ಕಡಿಮೆಯಾದದ್ದಕ್ಕೆ ಲಾರಿಗಳನ್ನೇ ಕಾರಣ ಮಾಡುವುದುಂಟು. ಲಾರಿಯ ಪಾಲನ್ನು ಅಲ್ಲಗಳೆಯುವಂತಿಲ್ಲ, ಆದರೆ ತಂತಿಯ ಮೇಲೆ ಬಂದ ಶಕ್ತಿ ಅದಕ್ಕೆ ಮೊದಲೇ ಸೌದೆಯ ಬೇರನ್ನು ಸಡಿಲಿಸಿತ್ತು ಎಂದು ಹೇಳುವುದು ಹೆಚ್ಚು ನ್ಯಾಯ. ಅದಕ್ಕೂ ಮೊದಲಿನಿಂದಲೇ ಅಗಲದ ಹಳಿಯ ಮಹತ್ವ ಏರುತ್ತಿತ್ತು. 1930ರ ದಶಕದಲ್ಲಿ ಉಕ್ಕು, ಸಿಮೆಂಟು, ಮೈಸೂರು ಪೇಪರ್ ಮಿಲ್ಸ್‌ನ ಕಾಗದ ಒಂದರ ಹಿಂದೊಂದು ಬಂದವು. 1940ರಲ್ಲಿ ಹಳಿ ಶಿವಮೊಗ್ಗದಿಂದ ತುಂಗೆಯನ್ನು ದಾಟಿ ತಾಳಗುಪ್ಪ ಮುಟ್ಟಿತು. ಮೀಟರ್‌ಗೇಜ್ ಸರಕಿನ ಜೊತೆಗೆ ಜನರನ್ನೂ ತಂದು ಇಳಿಸಿತು. ಕೆಲಸ ಹುಡುಕಿಕೊಂಡು ಬಂದ ತಮಿಳರು, ತೆಲುಗರು, ಮಲಯಾಳಿಗಳು, ಮರಾಠಿಗರು ನ್ಯೂಟೌನಿನಲ್ಲೂ ಪೇಪರ್ ಟೌನಿನಲ್ಲೂ ಹಳೇನಗರದಲ್ಲೂ ನೆಲೆನಿಂತರು. ಶಿವಮೊಗ್ಗ ಮಂಡಿಯ ಊರಾಗಿ, ಕಚೇರಿ ಕಾಲೇಜುಗಳ ಊರಾಗಿ ಬೆಳೆಯಿತು, ಭದ್ರಾವತಿ ಪಾಳಿಯ ಸೈರನ್ನಿಗೆ ಏಳುವ ಊರಾಯಿತು. ಒಂದೇ ಹಳಿಯ ಮೇಲಿನ ಈ ಎರಡು ಪಕ್ಕದೂರುಗಳ ವ್ಯತ್ಯಾಸಕ್ಕೆ ಕಾಡಿನಿಂದ ಬಂದ ಆ ಎರಡಡಿಯ ಹಳಿಯ ಪಾಲು ದೊಡ್ಡದು.

ಆಮೇಲಿನದು ಅಳತೆಗಳು ಒಂದಾಗುತ್ತ ಬಂದ ಕಥೆ. ಬೀರೂರು–ಶಿವಮೊಗ್ಗ ಮಾರ್ಗ 1990ರ ದಶಕದಲ್ಲಿ ಬ್ರಾಡ್‌ಗೇಜ್ ಆಯಿತು. ಶಿವಮೊಗ್ಗದಿಂದಾಚೆಗೆ ರೈಲುಬಸ್ಸು ಓಡುತ್ತಿದ್ದ ತಾಳಗುಪ್ಪದ ಹಳಿಯೂ 2011ರ ವೇಳೆಗೆ ಅದೇ ಅಳತೆಗೆ ಬಂತು. 2003ರಲ್ಲಿ ಮೈಸೂರು ವಿಭಾಗ ದಕ್ಷಿಣ ರೈಲ್ವೆಯಿಂದ ಹುಬ್ಬಳ್ಳಿ ಕೇಂದ್ರದ ನೈಋತ್ಯ ರೈಲ್ವೆಗೆ ಸೇರಿತು. ಕಾರ್ಖಾನೆ 1962ರಲ್ಲಿ ಕಂಪನಿಯಾಗಿ, ಮುಂದೆ ವಿಶ್ವೇಶ್ವರಯ್ಯನವರ ಹೆಸರು ಹೊತ್ತು, 1998ರಲ್ಲಿ ಭಾರತೀಯ ಉಕ್ಕು ಪ್ರಾಧಿಕಾರದಲ್ಲಿ ವಿಲೀನವಾಯಿತು. ಹೀಗೆ ರೈಲೂ ಕಾರ್ಖಾನೆಯೂ ಮತ್ತೆ ಒಂದೇ ಸರ್ಕಾರದ ಕೆಳಗೆ ಬಂದವು, ಈ ಬಾರಿ ದೆಹಲಿಯ ಸರ್ಕಾರ. ಅಷ್ಟರಲ್ಲಿ ಸೌದೆಯ ಟ್ರಾಮ್ ಇರಲಿಲ್ಲ. ಕಾಗದದ ಕಾರ್ಖಾನೆಯ ಯಂತ್ರಗಳು 2015ರ ಸುಮಾರಿಗೆ ನಿಂತವು. ಉಕ್ಕಿನ ಕಾರ್ಖಾನೆಯನ್ನು ಮುಚ್ಚುವ ನಿರ್ಧಾರ 2023ರ ಜನವರಿಯಲ್ಲಿ, ಅದರ ನೂರನೆಯ ವರ್ಷ ತುಂಬುವ ತಿಂಗಳಲ್ಲೇ ಹೊರಬಿತ್ತು. ಗುತ್ತಿಗೆ ಕಾರ್ಮಿಕರು ಬೀದಿಗಿಳಿದು ಅದನ್ನು ವಿರೋಧಿಸಿದರು. ಬೀರೂರಿನಿಂದ ತಾಳಗುಪ್ಪದವರೆಗೆ ಈಗ 1676 ಮಿಲಿಮೀಟರಿನ ಒಂದೇ ಅಳತೆ. ಹಳಿ ಬದಲಿಸಲೆಂದು ಯಾವ ಹೊರೆಯೂ ಭದ್ರಾವತಿಯಲ್ಲಿ ಇಳಿಯಬೇಕಿಲ್ಲ. ನಿಲ್ದಾಣ ಮುಖ್ಯವಾಗಿ ಬೆಂಗಳೂರು, ಮೈಸೂರುಗಳಿಗೆ ಹೋಗಿಬರುವ ಪ್ರಯಾಣಿಕರದ್ದು, ಕುಲುಮೆ ಹತ್ತುವ ಮುಂಚಿನ ಬೆಂಕಿಪುರದ ದಿನಗಳಲ್ಲಿದ್ದಂತೆ.